ದೀಪದ ಗುರುತಿನ ಪೆಟ್ಟಿಗೆ

ನಾನು ಒಂದು ಮತಪೆಟ್ಟಿಗೆ. ಹುಟ್ಟಿದ್ದು ಬೊಂಬಾಯಿಯಲ್ಲಿ, ಕಬ್ಬಿಣದ ಬೀರು ಮಾಡುವ ಕಾರ್ಖಾನೆಯಲ್ಲಿ. ತಗಡು ಕತ್ತರಿಸಿದರು, ಬಡಿದರು, ಬಣ್ಣ ಬಳಿದರು. ಕೊನೆಗೆ ಮುಚ್ಚಳದಲ್ಲೊಂದು ಸಣ್ಣ ಸೀಳು ಕೊರೆದರು. ಅದೇ ನನ್ನ ಬಾಯಿ. ನುಂಗಲು ಬರುತ್ತದೆ, ಮಾತಾಡಲು ಬರುವುದಿಲ್ಲ. ಆ ಸಿಟ್ಟು ಇಂದಿಗೂ ಆರಿಲ್ಲ.

ದೇಶದ ಮೊದಲ ಚುನಾವಣೆಗೆಂದು ರೈಲು, ಲಾರಿ, ಎತ್ತಿನಗಾಡಿ ಹತ್ತಿ ಮೈಸೂರು ಸೀಮೆಯ ಒಂದು ಊರಿಗೆ ಬಂದೆ. ಆಗ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಯೊಳಗೆ ಚೀಟಿ ಹಾಕಬೇಕು. ನನಗೆ ದೀಪದ ಚಿತ್ರ ಅಂಟಿಸಿದರು, ಪಕ್ಕದವನಿಗೆ ತಕ್ಕಡಿ.

ದೀಪ ಲೀಲಾಬಾಯಿಯವರದು. ಊರಿನ ಅರ್ಧ ಮಕ್ಕಳನ್ನು ಮೊದಲು ಕೈಗೆತ್ತಿಕೊಂಡ ನರ್ಸಮ್ಮ. ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿಕೊಂಡು ದೂರದ ಜಿಲ್ಲಾ ಆಸ್ಪತ್ರೆಗೆ ಓಡಬೇಕಿತ್ತು. "ಗೆದ್ರೆ ಇಲ್ಲೇ ಹೆರಿಗೆ ಆಸ್ಪತ್ರೆ ತರ್ತೀನಿ" ಎಂದಿದ್ದರು. ತಕ್ಕಡಿ ಅಕ್ಕಿಗಿರಣಿಯ ಮಹಾರುದ್ರಪ್ಪನವರದು. ಅವರು ಏನೂ ಹೇಳಿರಲಿಲ್ಲ. ಹೇಳದೆಯೇ ಊರು ಅವರ ಮಾತು ಕೇಳುತ್ತಿತ್ತು.

ಮತದಾನದ ದಿನ ಗಿರಣಿಯ ಆಳುಗಳು ಬಂದರು, ಚೀಟಿ ಮಡಚಿದರು, ತಕ್ಕಡಿಯ ಬಾಯಿಗೆ ತುರುಕಿದರು, ಹೋದರು. ಆಮೇಲೆ ಹೆಂಗಸರು ಬಂದರು. ಮೊದಲು ಬಂದವರು ಮುದುಕಿ ಕೆಂಚಮ್ಮ. ನನ್ನ ದೀಪ ನೋಡಿ ಚಪ್ಪಲಿ ಬಿಟ್ಟರು. ಸೊಂಟದಲ್ಲಿದ್ದ ಕುಂಕುಮದ ಭರಣಿ ತೆಗೆದು ದೀಪಕ್ಕೆ ಬೊಟ್ಟಿಟ್ಟರು. ಚೀಟಿಯನ್ನು ಕಣ್ಣಿಗೊತ್ತಿಕೊಂಡು ನನ್ನ ತಲೆಯ ಮೇಲಿಟ್ಟು, ಕೈಮುಗಿದು ಹೊರಟೇಬಿಟ್ಟರು!

ನನ್ನ ಬಾಯಿ ಎರಡೇ ಬೆರಳು ಆಚೆಗಿತ್ತು. ಹಿಂದೆ ಬಂದವಳು ತಲೆಯ ಮೇಲಿನ ಚೀಟಿ ಕಂಡು ಹಾಗೆಯೇ ಮಾಡಿದಳು. ಅವಳು ಇಟ್ಟದ್ದನ್ನು ನೋಡಿ ಮುಂದಿನವಳು. ದೇವರಿಗೆ ಕೊಡುವುದನ್ನು ಯಾರಾದರೂ ಸಂದಿಯಲ್ಲಿ ತುರುಕುತ್ತಾರೆಯೇ? ಭಕ್ತಿ ಹೆಚ್ಚಾದಷ್ಟೂ ನನ್ನ ಹೊಟ್ಟೆ ಖಾಲಿ. ಒಳಗೆ ಹಾಕ್ರೇ ತಾಯಂದಿರಾ ಎಂದು ಕೂಗಬೇಕೆನಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮತಗಟ್ಟೆಯ ಅಧಿಕಾರಿ ಹೆಡ್ಮಾಸ್ತರು ಶ್ಯಾಮಾಚಾರ್ಯರು. ಮತದಾನ ಮುಗಿದು ಪರದೆ ಸರಿಸಿದಾಗ ನನ್ನ ತಲೆಯ ಮೇಲಿನ ರಾಶಿ ಕಂಡು ಹಣೆ ಚಚ್ಚಿಕೊಂಡರು. "ಹೊರಗೆ ಬಿದ್ದದ್ದು ಲೆಕ್ಕಕ್ಕಿಲ್ಲ. ಕಾನೂನು ಹಾಗಿದೆ, ನಾನೇನು ಮಾಡಲಿ?" ಎಂದು ಅವನ್ನೆಲ್ಲ ಲಕೋಟೆಯಲ್ಲಿ ಕಟ್ಟಿಟ್ಟರು.

ಲೀಲಾಬಾಯಿ ಸೋತರು. ಸೋತ ಅಂತರಕ್ಕಿಂತ ಆ ಲಕೋಟೆಯೇ ದಪ್ಪವಿತ್ತು. ಎಣಿಕೆ ನಡೆದ ತಾಲೂಕು ಕಚೇರಿಯ ಜಗಲಿಯಲ್ಲಿ ಕೆಂಚಮ್ಮ ಅವರ ಕೈ ಹಿಡಿದುಕೊಂಡು ಕೇಳಿದರು: "ಎಡಗೈ ಸೋಕಿಸಲಿಲ್ಲ ನರ್ಸಮ್ಮ. ಬೊಟ್ಟಿಟ್ಟು, ದೀಪದ ತಲೆ ಮ್ಯಾಲೆ ಇಟ್ಟು ಬಂದ್ವಿ. ಆದ್ರೂ ಯಾಕವ್ವಾ ಸೋತ್ರಿ?"

ಲೀಲಾಬಾಯಿ ಆ ಮುದುಕಿಯ ಮುಖ ನೋಡಿದರು. "ನನ್ನ ಹಣೇಲಿ ಬರ್ದಿರ್ಲಿಲ್ಲ ಬಿಡವ್ವಾ" ಎಂದರು. ಲಕೋಟೆಯ ಸಂಗತಿ ಅವರಿಗೆ ಗೊತ್ತಿತ್ತು. ನಿಜ ಹೇಳಬಾರದಿತ್ತೇ? ಮುಂದಿನ ಸಲಕ್ಕಾದರೂ ಆಗುತ್ತಿತ್ತು. ಅವರ ಮೇಲೂ ನನಗೆ ಕೋಪ ಬಂತು.

ಅವರು ಮತ್ತೆ ನಿಲ್ಲಲಿಲ್ಲ. ಆಸ್ಪತ್ರೆ ಬರಲಿಲ್ಲ. ಎಲ್ಲರಿಗೂ ಒಂದೇ ಪೆಟ್ಟಿಗೆಯೆಂಬ ಹೊಸ ಪದ್ಧತಿ ಬಂದ ಮೇಲೆ ನನ್ನನ್ನು ಕಚೇರಿಯ ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳ ನಡುವೆ ತಳ್ಳಿದರು. ಇಲ್ಲಿ ತುಕ್ಕು ಹಿಡಿಯುತ್ತ ಗುಮಾಸ್ತರ ಮಾತು ಕೇಳುತ್ತೇನೆ. ಒಂದು ದಿನ ಅವರೇ ಹೇಳಿಕೊಂಡರು, ಕೆಂಚಮ್ಮನ ಸೊಸೆ ಹಾಲಮ್ಮ ಎರಡನೆಯ ಹೆರಿಗೆಗೆ ಹೋಗುತ್ತ ಗಾಡಿಯಲ್ಲೇ ತೀರಿಕೊಂಡಳಂತೆ.

ಹಾಲಮ್ಮ ನನಗೆ ಗೊತ್ತು. ಮತದಾನದ ದಿನ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದಿದ್ದಳು. ತನ್ನ ಚೀಟಿ ಗಾಳಿಗೆ ಹಾರಿಹೋಗದಿರಲಿ ಎಂದು, ಎಲೆಯಡಿಕೆ ಚೀಲದಿಂದ ಒಂದು ಅಡಿಕೆ ತೆಗೆದು ಅದರ ಮೇಲಿಟ್ಟು ಹೋಗಿದ್ದಳು.