ಗಿರಣಿ ದಾನವ್ವನ ಫೋಟೋ

ಆ ಗಡಿಯಾರ ತೆಗೆಸಬೇಕು — ಮುಂದಿನ ಸೀಟಿನ ಮುದುಕಿ ಕಂಬಿ ಹಿಡಿದದ್ದೇ ನೀಲಾಂಬಿಕಾಳ ತಲೆಯೊಳಗೆ ತಾನಾಗಿ ಎದ್ದ ಮಾತು, ಹಸಿರು ಹಚ್ಚೆಯ ಮುಂಗೈ, ಸುಕ್ಕುಗಳ ಮೇಲೆ ಓರೆ ಬಿಸಿಲು, ಎಷ್ಟು ಚೆಂದ ಬಂದೀತು, ಆದರೆ ಹಚ್ಚೆಯ ನಟ್ಟನಡುವೆ ಕರೀ ಪ್ಲಾಸ್ಟಿಕ್ ಪಟ್ಟಿಯ ಗಡಿಯಾರ, ಅದೊಂದು ಇಲ್ಲದಿದ್ದರೆ — ಥೂ, ಮತ್ತೆ ಅದೇ, ಕೈಯಲ್ಲಿ ಕ್ಯಾಮೆರಾ ಕೂಡ ಇಲ್ಲ, ಆದರೂ ಕಣ್ಣು ಕಂಡವರ ಮೈಮೇಲಿಂದ ಒಂದೊಂದೇ ಕಳಚುತ್ತ ಕೂತಿದೆ. ಮುದುಕಿ ಗಡಿಯಾರ ನೋಡಿಕೊಂಡಳು, ಬಂಕಾಪುರಕ್ಕ ಎಷ್ಟೊತ್ತಿಗೆ ಮುಟ್ತೈತೋ ತಮ್ಮಾ, ಒಂಬತ್ತಕ್ಕ ಇಳಸ್ತೇನಿ ಆಯಿ ಅಂದ ಕಂಡಕ್ಟರ್. ಒಂಬತ್ತು. ಹಾಗಾದರೆ ತಾನು ಸವಣೂರಿಗೆ ಒಂಬತ್ತೂವರೆಗೆ, ಹತ್ತಕ್ಕೆ ದಾನವ್ವ ಬರುತ್ತಾಳೆ, ಹನ್ನೊಂದಕ್ಕೆ ಪ್ರದರ್ಶನದ ಉದ್ಘಾಟನೆ, ಅವಳು ಬರುವ ಮೊದಲು ಉಳಿಯುವುದು ಅರ್ಧ ತಾಸು, ಅರ್ಧ ತಾಸಿನಲ್ಲಿ ಚೌಕಟ್ಟು ಇಳಿಸಿ ಒಳಗಿನ ಫೋಟೋ ಬದಲಿಸಿ ಮತ್ತೆ ಏರಿಸಬಹುದು, ಮೊಳೆ ಅದೇ, ಅಳತೆ ಅದೇ. ತೊಡೆಯ ಮೇಲಿನ ಚೀಲದ ಜಿಪ್ಪು ಎಳೆದು ನೋಡಿದಳು, ಕಂದು ಕಾಗದದಲ್ಲಿ ಸುತ್ತಿದ ಫೋಟೋ ಇದೆ, ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನೋಡಿದಾಗಲೂ ಇತ್ತು, ಈಗ ಎಲ್ಲಿ ಹೋದೀತು, ಜಿಪ್ಪು ಹಾಕಿದಳು, ಮತ್ತೆ ತೆಗೆದಳು.

ಅಪ್ಪ ಕುಬೇರಪ್ಪ ಹೀಗೆ ಚಡಪಡಿಸಿದ್ದನ್ನು ಅವಳು ನೋಡಿಲ್ಲ, ಅವನ ಸ್ಟುಡಿಯೋದಲ್ಲಿ ಎಲ್ಲಕ್ಕೂ ಜಾಗ ಇತ್ತು, ಹಿಂದೆ ಪರದೆಯ ಮೇಲೆ ಅರಮನೆಯ ಮೆಟ್ಟಿಲು, ಮುಂದೆ ಕುರ್ಚಿ, ಮೊಳೆಗೆ ತೂಗುಹಾಕಿದ ಕರೀ ಕೋಟು. ಒಂದೇ ಕೋಟು. ಹೊಲದಿಂದ ಬಂದವನು, ಅಡಕೆ ದಲಾಲಿ, ಮದುವೆ ಗೊತ್ತಾದ ಹುಡುಗ, ಎಲ್ಲರ ಮೈಮೇಲೂ ಅದೇ ಏರುತ್ತಿತ್ತು, ದೊಗಳೆಯಾದರೆ ಬೆನ್ನಿಗೆ ಬಟ್ಟೆ ಚಿಮಟ ಸಿಕ್ಕಿಸುತ್ತಿದ್ದ ಅಪ್ಪ, ಫೋಟೋದಾಗ ಬೆನ್ನ ಕಾಣೂದುಲ್ರಿ ಅನ್ನುತ್ತ. ಸುತ್ತಲ ಹತ್ತು ಹಳ್ಳಿಯ ಗೋಡೆಗಳ ಮೇಲೆ ಇವತ್ತಿಗೂ ಆ ಕೋಟು ತೂಗುತ್ತಿದೆ, ಒಳಗಿನ ಮುಖ ಮಾತ್ರ ಬೇರೆ ಬೇರೆ, ಹೆಚ್ಚಿನವು ಈಗ ಇಲ್ಲದ ಮುಖ. ಕಾಲೇಜು ಓದುವಾಗ ಅವಳು ಕೇಳಿದ್ದಳು, ಅಪ್ಪ ಇದು ಸುಳ್ಳಲ್ಲೇನ, ಅವರ ಕಡೆ ಕೋಟೆಲ್ಲೈತಿ. ಅಪ್ಪ ನಕ್ಕು, ಇಲ್ಲದ್ದಕ್ಕ ಕೊಡ್ತೇನವ್ವ, ಇದ್ದಿದ್ರ ಯಾಕ ಕೊಡ್ತಿದ್ದೆ. ಅವತ್ತು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ತಾನು ದೊಡ್ಡವಳಾದರೆ ಇದ್ದದ್ದನ್ನು ಇದ್ದ ಹಾಗೆ ತೆಗೆಯುತ್ತೇನೆ ಎಂದುಕೊಂಡಿದ್ದಳು, ಈಗ ನಲವತ್ತೆರಡು, ಅಪ್ಪ ಹೋಗಿ ಎಂಟು ವರ್ಷ, ಅದೇ ಸ್ಟುಡಿಯೋ ತನ್ನ ಹೆಸರಿನಲ್ಲಿದೆ. ಹೋದ ತಿಂಗಳು ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಮದುವೆಗೆ ಮುಂಚಿನ ಶೂಟಿಂಗ್, ಸಿಮೆಂಟಿನ ಎತ್ತುಗಳ ಪಕ್ಕ ಶಿಗ್ಗಾವಿಯ ಹುಡುಗ ಧೋತರ ರುಮಾಲು ಸುತ್ತಿಕೊಂಡು ನಿಂತಿದ್ದ, ಧೋತರ ಉಡಲು ಬರದೆ ಒಳಗೆ ಜೀನ್ಸ್ ಪ್ಯಾಂಟು, ಹುಡುಗಿ ಬಗಲಲ್ಲಿ ಖಾಲಿ ಕೊಡ ಹಿಡಿದು, ಅಕ್ಕಾರ ಹಳೀ ಕಾಲದ ಫೀಲ್ ಬರಬೇಕರಿ. ಅಜ್ಜಂದಿರಿಗೆ ಕೋಟು ಬೇಕಿತ್ತು, ಮೊಮ್ಮಕ್ಕಳಿಗೆ ಧೋತರ ಬೇಕು — ಇರಲಿ, ಅವರೇ ಕೇಳಿದ್ದು, ಕೇಳಿದ್ದು ಕೊಡುವುದೇ ಕಸುಬು, ಆದರೆ ದಾನವ್ವ ಏನೂ ಕೇಳಿರಲಿಲ್ಲವಲ್ಲ.

ಕೇಳಿದ್ದು ಶಿವಾನಂದ ಸರ್. ನಿವೃತ್ತ ಅಧ್ಯಾಪಕರು, ಸವಣೂರಿನಲ್ಲಿ ಸಂಘ ಕಟ್ಟಿಕೊಂಡಿದ್ದಾರೆ, ಪ್ರದರ್ಶನಕ್ಕೆ ತಲೆಮಾರುಗಳು ಎಂದು ಹೆಸರಿಟ್ಟಿದ್ದಾರೆ, ಒಂದ ಮನೀ ಮೂರು ಹೆಣ್ಮಕ್ಕಳು, ಮೂರ ಫೋಟೋ, ನೋಡಿದ ಕೂಡ್ಲೆ ಕಾಲ ಗೊತ್ತಾಗಬೇಕ್ರಿ ಮೇಡಂ. ಇಪ್ಪತ್ತು ವರ್ಷ ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜು ತೆಗೆದ ಕೈಗೆ ಮೊದಲ ಪ್ರದರ್ಶನ, ಗೋಡೆಯ ಮೇಲೆ ಹೆಸರು, ಅವಳು ಕುಣಿದಾಡಿದ್ದಳು. ಹಿರೇಕೆರೂರಿನಿಂದ ಆಚೆಗೆ ಆರು ಮೈಲಿಯ ಹಳ್ಳಿ, ಪರಿಚಯದವರು ತೋರಿಸಿದ ಮನೆ, ಎಂಬತ್ತೊಂದರ ದಾನವ್ವ, ಸೊಸೆ ವೀರವ್ವ, ಮೊಮ್ಮಗಳು ಐಶ್ವರ್ಯ, ಬರ್ರಿ ಕುಂತ್ರಿ, ಚಾ ಕುಡೀರಿ, ಅವಲಕ್ಕಿ ತಿನ್ರಿ. ದಾನವ್ವನ ಮೂಗಿನ ಮೇಲೆ ದಪ್ಪ ಕನ್ನಡಕ, ಮೈಮೇಲೆ ಹೂವಿನ ಪಾಲಿಯೆಸ್ಟರ್ ಸೀರೆ, ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆ ದಾರಕ್ಕೆ ಕಟ್ಟಿದ ಬೀಗದ ಕೈ. ನೀಲಾಂಬಿಕಾ ಕನ್ನಡಕ ತೆಗೆಸಿದಳು. ಬೀಗದ ಕೈ ತೆಗೆಸಿದಳು. ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆಸಿ ಉಡಿಸಿದಳು. ಹಿತ್ತಲಲ್ಲಿ ಬಚ್ಚಲ ಬಾಯಿಗೆ ಕವುಚಿ ಹಾಕಿದ್ದ ಬೀಸುವ ಕಲ್ಲು ಕಣ್ಣಿಗೆ ಬಿದ್ದದ್ದು ಆಗಲೇ, ಎಷ್ಟು ಹಿಗ್ಗಿದ್ದಳು, ವೀರವ್ವನೂ ಐಶ್ವರ್ಯಳೂ ಸೇರಿ ಉರುಳಿಸಿ ತಂದು ತೊಳೆದರು, ಗೂಟ ಇರಲಿಲ್ಲ, ಮುರಿದ ಸನಿಕೆಯ ಹಿಡಿ ಕೊಯ್ದು ಸಿಕ್ಕಿಸಿದರು. ಆಯಿ, ಸ್ವಲ್ಪ ಬಾಗ್ರಿ, ನನ್ನ ಕಡೆ ನೋಡಬ್ಯಾಡ್ರಿ, ಕಲ್ಲ ನೋಡ್ರಿ. ದಾನವ್ವ ನೋಡಿದಳು. ವೀರವ್ವನ ಕೈಗೆ ಕುಕ್ಕರ್. ಐಶ್ವರ್ಯಳಿಗೆ ಗೆಳತಿಯ ಜೀನ್ಸು, ಕಿವಿಗೆ ಇಯರ್‌ಫೋನು, ಮೊಬೈಲಿನಲ್ಲಿ ಮುಳುಗಿದ ಕಣ್ಣು, ನಾ ಇದನ್ನ ಹಾಕ್ಕೊಳ್ಳೂದ ಇಲ್ಲರಿ ಅಕ್ಕಾರ ಅಂದಿತ್ತು ಆ ಹುಡುಗಿ, ಒಂದ ಫೋಟೋ ಅಷ್ಟವ್ವ ಅಂದಿದ್ದಳು ಇವಳು. ಕಲ್ಲು, ಕುಕ್ಕರ್, ಮೊಬೈಲು. ನೋಡಿದ ಕೂಡಲೇ ಕಾಲ ಗೊತ್ತಾಗುತ್ತದೆ.

ಬಂಕಾಪುರ, ಮುದುಕಿ ಇಳಿದು ಸರಸರ ನಡೆದೇಬಿಟ್ಟಳು, ವೀಳ್ಯದೆಲೆಯ ಖಾಲಿ ಬುಟ್ಟಿ ಹೊತ್ತ ಇಬ್ಬರು ಹತ್ತಿದರು, ಬಸ್ಸು ಯಾಕೆ ಬಿಡುತ್ತಿಲ್ಲ. ಅವತ್ತು ಅಲ್ಲಿಗೇ ಮುಗಿದಿದ್ದರೆ ಇವತ್ತು ನೆಮ್ಮದಿಯಾಗಿ ಕೂತಿರುತ್ತಿದ್ದಳು, ಮುಗಿಯಲಿಲ್ಲ, ಕ್ಯಾಮೆರಾ ಚೀಲಕ್ಕೆ ಹಾಕುವಾಗ ಯಾರೋ ಹೆಂಗಸು ಜೋಳದ ಡಬ್ಬಿ ತಲೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತು, ದಾನವ್ವ, ಗಿರಣಿ ಬಂದ್ ಏನವ ಇವತ್ತ, ಅಂದಳು. ಬಂದ್ ಯಾಕ, ಬಂದೆ ತಡಿ — ದಾನವ್ವ ಇಳಕಲ್ ಸೀರೆ ಮೇಲೆತ್ತಿ ಕಟ್ಟಿದಳು, ಕನ್ನಡಕ ಏರಿಸಿದಳು, ಬೀಗದ ಕೈ ಕೊರಳಿಗೆ ಹಾಕಿಕೊಂಡು ಹೊರಟಳು, ಇವಳು ಹಿಂದೆ ಹಿಂದೆ. ಮನೆಗೆ ಹತ್ತಿಕೊಂಡೇ ತಗಡಿನ ಮಾಡಿನ ಗಿರಣಿ. ಊರಿನ ಮೊದಲ ಹಿಟ್ಟಿನ ಗಿರಣಿ ಅಂತ, ಮೊದಲಿಗೆ ಡೀಸೆಲ್ ಎಂಜಿನ್ನು, ಹ್ಯಾಂಡಲ್ ಹಾಕಿ ತಿರುವಿದರೆ ಹೊಗೆ, ಗಂಡ ಗುದ್ಲೆಪ್ಪ ಮಷಿನ್ ತಂದು ಎರಡೇ ವರ್ಷಕ್ಕೆ ತೀರಿಹೋದ, ಹೆಣ್ಣುಮಗಳು ಗಿರಣಿ ಹೆಂಗ ನಡಸ್ತಾಳ ಅಂದರಂತೆ ಮಂದಿ, ಐವತ್ತು ವರ್ಷ ನಡೆಸಿದಳು, ಬೆಳಗಾಗುವ ಮೊದಲೇ ಕಲ್ಲಿಗೆ ಕೂರುತ್ತಿದ್ದ ಊರ ಹೆಂಗಸರನ್ನೆಲ್ಲ ಕಲ್ಲಿನ ಮುಂದಿನಿಂದ ಎಬ್ಬಿಸಿದವಳು ಇವಳೇ. ಈಗ ಕರೆಂಟಿನ ಮಷಿನ್ನು, ಐಶ್ವರ್ಯ ಕಾಲೇಜು ಮುಗಿಸಿ ಬಂದು ಚೂಡಿದಾರದ ಮೇಲೊಂದು ಹಳೇ ಅಂಗಿ ತೊಟ್ಟು ಚಕ್ರಕ್ಕೆ ಪಟ್ಟಾ ಏರಿಸುತ್ತಾಳೆ. ಅಜ್ಜಿ ಡಬ್ಬಿ ಸುರುವಿದಳು, ಮೊಮ್ಮಗಳು ಬಟನ್ ಒತ್ತಿದಳು, ತಗಡೆಲ್ಲ ಗಡಗಡ ನಡುಗಿತು, ಆ ಸದ್ದಿನಲ್ಲಿ ಅಜ್ಜಿ ಏನೋ ಒದರಿದಳು, ಮೊಮ್ಮಗಳು ತಿರುಗಿ ಏನೋ ಒದರಿದಳು, ಇಬ್ಬರೂ ನಕ್ಕರು, ನೀಲಾಂಬಿಕಾಳ ಬೆರಳು ಕ್ಯಾಮೆರಾದ ಗುಂಡಿಯನ್ನು ತಾನಾಗಿ ಒತ್ತಿತು. ಒಂದೇ ಒಂದು. ಅದೇ ಈ ಕಂದು ಕಾಗದದೊಳಗಿನದು. ಶಿವಾನಂದ ಸರ್‌ಗೆ ಕಳಿಸಿದಾಗ ಫೋನು ಮಾಡಿದರು, ಛಲೋ ಐತ್ರಿ, ಆದ್ರ ಇದರಾಗ ಸಂಸ್ಕೃತಿ ಎಲ್ಲೈತಿ, ಗಿರಣಿ ಊರೂರಿಗೂ ಅದಾವ, ಬೀಸೂ ಕಲ್ಲಿನ ಫೋಟೋನ ಇರಲಿ. ಅವಳು ಏನಂದಳು. ಆತ್ರಿ ಸರ್ ಅಂದಳು. ಬಾಯಿಂದ ಬಂದದ್ದು ಅಷ್ಟೇ, ಆತ್ರಿ ಸರ್ — ಗೋಡೆಯ ಮೇಲಿನ ಹೆಸರು ಎಲ್ಲಿ ತಪ್ಪಿಹೋಗುತ್ತದೋ ಎಂದು.

ಸವಣೂರು, ಬಸ್ಸಿಳಿದರೆ ಖಾರ ಕರಿಯುವ ಎಣ್ಣೆಯ ವಾಸನೆ, ಕೆಮ್ಮು ಬಂತು, ಆಟೋ, ಬೇಡ, ನಡೆದರೆ ಹತ್ತು ನಿಮಿಷ, ಇಲ್ಲ ಆಟೋ, ಬೇಗ ಹೋಗ್ರಿ. ಸಭಾಭವನದಲ್ಲಿ ಶಿವಾನಂದ ಸರ್ ಮಾಲೆ ಎಣಿಸುತ್ತಿದ್ದರು, ಬರ್ರಿ ಮೇಡಂ, ನಿಮ್ಮದ ನಡುಗೋಡಿಗೆ ಹಾಕೇವಿ. ಹಾಕಿದ್ದರು. ಬಾಗಿಲಿಂದಲೇ ಕಾಣುವಂತೆ, ಉಳಿದವಕ್ಕಿಂತ ದೊಡ್ಡದಾಗಿ, ಗಾಜು ಹಾಕಿಸಿ, ಕೆಳಗೆ ಬಿಳಿ ಚೀಟಿ, ದಾನವ್ವ, ೮೧, ಮಾಸದ ಸಂಸ್ಕೃತಿ. ಸರ್ ಅದನ್ನ ಬದಲು ಮಾಡಬೇಕಾಗಿತ್ತು, ಗಿರಣೀದು ತಂದೇನಿ — ಈಗೇನ್ರಿ ಮೇಡಂ, ಕರಪತ್ರದ ಹಾಳಿ ಪ್ರಿಂಟ್ ಆಗ್ಯಾವ, ಪೇಪರಿನವರು ಇದನ್ನ ಕೇಳ್ಯಾರ, ಮುಂದ ನೋಡೋಣಂತ. ಹೇಳು, ಹೇಳಿಬಿಡು, ಇದು ಅವರಲ್ಲರಿ ಅನ್ನು, ಗೂಟ ಕೂಡ ಅವತ್ತು ಕೊಯ್ದದ್ದು ಅನ್ನು, ಚೀಲದ ಜಿಪ್ಪು ಎಳೆದಳು, ಹಾಕಿದಳು, ಅಷ್ಟರಲ್ಲಿ ಹಿಂದಿನಿಂದ ಅಕ್ಕಾರ ಎಂಬ ದನಿ, ಐಶ್ವರ್ಯ, ಅವಳ ಭುಜ ಹಿಡಿದು ದಾನವ್ವ, ಕನ್ನಡಕ, ಹೂವಿನ ಸೀರೆ, ಗಿರಣಿ ಬಂದ್ ಮಾಡಿ ಬಂದೇವಿ ನೋಡವ್ವ, ಎಲ್ಲೈತಿ ತೋರಿಸು.

ತೋರಿಸಬೇಕಾಗಿರಲಿಲ್ಲ. ದಾನವ್ವ ನಡುಗೋಡೆಯ ಮುಂದೆ ಹೋಗಿ ನಿಂತಳು, ಬೈಯಲಿ, ಬೈದರೆ ಹಗುರಾದೀತು, ನಕ್ಕುಬಿಟ್ಟರೆ, ಇಲ್ಲ ಖುಷಿಪಟ್ಟುಬಿಟ್ಟರೆ ಅದಕ್ಕಿಂತ ಕೇಡು. ನಮ್ಮತ್ತಿ, ಅಂದಳು ದಾನವ್ವ. ಆಯಿ ಅದು ನೀನ, ಅವತ್ತ ಅಕ್ಕಾರ ತಗದರಲ್ಲ, ಎಂದು ಐಶ್ವರ್ಯ. ಗೊತ್ತೈತಿ ಬಿಡ, ನನಗೇನ ಅರಳು ಮರಳಾಗಿಲ್ಲ, ಕುಂತಾಕಿ ನಾನ, ಫೋಟೋದಾಗ ಬಿದ್ದಾಕಿ ನಮ್ಮತ್ತಿ. ಹಿಂಗ ಬಾಗತಿದ್ಲು. ಬೀಸಿ ಬೀಸಿ ಈ ರಟ್ಟಿ ಜೋತ ಬಿದ್ದಿತ್ತು, ಕಡೀಕ ತುತ್ತ ಬಾಯಿಗೆ ಒಯ್ಯಾಕೂ ಬರತಿರಲಿಲ್ಲ, ನಾನ ಉಣಿಸ್ತಿದ್ದೆ, ಅದನ್ನ ನೋಡೇ ನಾ ಗುದ್ಲೆಪ್ಪಗ ಗಂಟ ಬಿದ್ದದ್ದು, ಮಷಿನ್ ತರೂತನಾ ಮನ್ಯಾಗ ರೊಟ್ಟಿ ಬಡಿಯೂದಿಲ್ಲ ಅಂತ. ಮಷಿನ್ ಬರೂದರೊಳಗ ಅಕಿ ಹೋದ್ಲು. ಅಕಿದೊಂದು ಫೋಟೋ ಇರಲಿಲ್ಲ ತಂಗಿ.

ನೀಲಾಂಬಿಕಾ ಚೌಕಟ್ಟಿಗೆ ಕೈ ಹಾಕಿದಳು, ತಗೀತೇನಿ ಆಯಿ, ತಪ್ಪಾತು, ನಿಮ್ಮದು ಬ್ಯಾರೆ ತಂದೇನಿ, ಮೇಡಂ ಮೇಡಂ ಎನ್ನುತ್ತ ಶಿವಾನಂದ ಸರ್ ಮಾಲೆ ಬಿಟ್ಟು ಬಂದರು, ದಾನವ್ವ ಮುಂಗೈ ಹಿಡಿದಳು, ಜೋಳದ ಚೀಲ ಎತ್ತಿದ ಹಿಡಿತ, ತಗೀಬ್ಯಾಡ, ಇರಲಿ ಅಕಿ, ಹೆಸರು ತಪ್ಪೈತಿ ನೋಡು, ಅದನ್ನ ತಿದ್ದು. ಏನ ಹೆಸರ್ರಿ ಆಯಿ ಅವರದು. ಸಂಗವ್ವ. ಪೆನ್ನು ಯಾರದೋ, ಶಿವಾನಂದ ಸರ್ ಜೇಬಿನದೇ ಇರಬೇಕು, ಚೀಟಿಯ ಮೇಲಿನದೆಲ್ಲ ಹೊಡೆದುಹಾಕಿ ಸಂಗವ್ವ ಎಂದು ಬರೆದಳು, ಅಕ್ಷರ ಸೊಟ್ಟವಾದವು, ಕಂದು ಕಾಗದ ಹರಿದು ಗಿರಣಿಯ ಫೋಟೋ ಪಕ್ಕದಲ್ಲಿ ಟೇಪು ಹಚ್ಚಿ ನಿಲ್ಲಿಸಿದಳು, ಚೌಕಟ್ಟಿಲ್ಲ, ಗಾಜಿಲ್ಲ, ಒಂದು ಮೂಲೆ ಏಳುತ್ತಿದೆ, ಕೆಳಗೆ ದಾನವ್ವ, ಐಶ್ವರ್ಯ, ಗಿರಣಿಯಲ್ಲಿ. ಸರ್, ಇದು ಬ್ಯಾಡಂದ್ರ ನನ್ನವೆಲ್ಲಾ ತಗದಬಿಡ್ರಿ — ಈ ದನಿ ತನ್ನದೇ ಏನು, ಅವರು ಬಾಯಿ ತೆರೆದರು, ಹೊರಗೆ ಕಾರು ಬಂದು ನಿಂತಿತು, ಅತಿಥಿಗಳು, ಅವರು ಮಾಲೆಗಳ ಕಡೆ ಓಡಿದರು, ಬೇಡ ಅನ್ನಲಿಲ್ಲ, ಮುಗಿಯಿತು, ಮುಗಿಯಿತಲ್ಲ. ದಾನವ್ವ ಗಿರಣಿಯ ಫೋಟೋ ಕಡೆ ಒಮ್ಮೆ ನೋಡಿ, ಪಟ್ಟಾ ಸಡಿಲ ಐತಿ ನೋಡ ಐಶೂ, ಎಂದವಳೇ ಮತ್ತೆ ಅತ್ತೆಯ ಮುಂದೆ ಹೋಗಿ ನಿಂತಿದ್ದಾಳೆ, ಸೆರಗಿನ ತುದಿ ಬೆರಳಿಗೆ ಸುತ್ತಿ ಗಾಜಿನ ಮೇಲೆ ಕೆನ್ನೆಯ ಹತ್ತಿರ ಒರೆಸುತ್ತಿದ್ದಾಳೆ, ಹಿಟ್ಟ ಕುಂತೈತಿ ಮಾರಿಮ್ಯಾಗ, ಒರಸ್ಕೊಳ್ಳಾಕ ಪುರಸೊತ್ತ ಎಲ್ಲಿತ್ತ ಅಕಿಗೆ. ಹಿಟ್ಟು. ಅದು ತಾನು ಹಚ್ಚಿದ್ದು, ಬೀಸಿದ ಹಾಗೆ ಕಾಣಲಿ ಎಂದು ವೀರವ್ವನ ಡಬ್ಬಿಯಿಂದ ಎರಡು ಬೆರಳಲ್ಲಿ ತೆಗೆದು, ಹಗುರಾಗಿ, ಕೆನ್ನೆಯ ಎಲುಬಿನ ಮೇಲೆ — ಅತಿಥಿಗಳು ಒಳಗೆ ಬಂದರು, ಯಾರೋ ಅವಳ ಹೆಸರು ಕರೆದರು, ಸೆರಗು ಗಾಜಿನ ಮೇಲೆ ಒಂದು ಸುತ್ತು ತಿರುಗಿತು, ನೀಲಾಂಬಿಕಾ ಮೇಡಂ ಬರ್ರಿ ಇಲ್ಲಿ, ಇನ್ನೊಂದು ಸುತ್ತು, ಹೋಗುತ್ತಿಲ್ಲ, ದಾನವ್ವ ಗಾಜಿಗೆ ಬಾಯಿ ಹತ್ತಿರ ತಂದು ಊದಿದಳು, ಮತ್ತೆ ಒರೆಸಿದಳು, ಮೆಲ್ಲಗೆ, ಕೂಸಿನ ಮುಖ ಒರೆಸಿದ ಹಾಗೆ, ಸೆರಗು, ಗಾಜು, ಗಾಜಿನ ಒಳಗೆ ಹಿಟ್ಟು, ಸೆರಗು —