ಸಾವಿರಕ್ಕೇ ನಿಂತ ಲೆಕ್ಕ

"ನಿಲ್ಲಿ, ಎತ್ತಬೇಡಿ!"

ಹೆಗಲು ಕೊಟ್ಟವರು ಹೆಣ ಮಲಗಿಸಿದ್ದ ಜನಾಜಾದ ಹಲಗೆಯನ್ನು ಮತ್ತೆ ಅಂಗಳದ ಚಾಪೆಯ ಮೇಲಿಟ್ಟರು. ಫೆಜ್ ಪಟ್ಟಣದ ಆ ಇಕ್ಕಟ್ಟು ಓಣಿಯ ತುಂಬ ತೀರಿಕೊಂಡ ಮುಫದ್ದಲ್ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ನಿಂತಿದ್ದರು. ಅಪ್ಪನಿಂದ ಯಾರಿಗಾದರೂ ನೋವಾಗಿದ್ದರೆ ಮಾಫಿ ಮಾಡಿ ಎಂದು ಮಗ ಜವಾದ್ ಆಗಷ್ಟೇ ಕೇಳಿದ್ದ. "ಮಾಡಿದೆವು" ಎಂದು ಎಲ್ಲರೂ ಒಕ್ಕೊರಲಿಂದ ಹೇಳುವುದು ರೂಢಿ. ನಿಲ್ಲಿ ಎಂದು ಕೂಗಿದವರು ಹಮ್ಮಾದ್ ಮೇಷ್ಟ್ರು, ಸತ್ತವರ ಹಳೆಯ ಜೊತೆಗಾರ; ಅವರು ಹೇಳಲಿಲ್ಲ.

"ನಾನು ಮಾಡಲ್ಲ," ಎಂದರು.

ಸತ್ತವರ ತಮ್ಮ ತುಹಾಮಿ ರೇಗಿದ. "ಹಲ್ಲೆಲ್ಲ ಉದುರಿದ್ರೂ ಹಟ ಉದುರಲಿಲ್ಲವಲ್ಲ ನಿಮ್ಮದು! ಬಾಂಗ್ ಕೂಗೋ ಹೊತ್ತಾಯ್ತು. ಏನಾಗ್ಬೇಕು ಹೇಳಿ."

"ಆ ಸಂಖ್ಯೆ ಒಡೆಯುತ್ತೆ ಅಂತ ಈ ಹುಡುಗರ ಮುಂದೆ ಹೇಳ್ಬೇಕು."

ಆ ಸಂಖ್ಯೆ ಯಾವುದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

*

ಆಗ ಇಬ್ಬರೂ ಹರೆಯದ ಮೇಷ್ಟ್ರುಗಳು. ಆ ವರ್ಷದ ಗಣಿತ ಸ್ಪರ್ಧೆಗೆ ಮುಫದ್ದಲ್ ಮುಖ್ಯ ಪರೀಕ್ಷಕ. ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು ಅವಿಭಾಜ್ಯ ಎಂದು ಸಾಧಿಸುವುದೇ ಅವನ ಪ್ರಶ್ನೆ. ಸಾವಿರದೊಳಗಿನ ಅವಿಭಾಜ್ಯಗಳಿಂದೆಲ್ಲ ತಾನೇ ಭಾಗಿಸಿ ನೋಡಿದ್ದ, ಯಾವುದಕ್ಕೂ ಹೋಗಲಿಲ್ಲ. ಹತ್ತು ಲಕ್ಷದ ವರ್ಗಮೂಲ ಸಾವಿರ, ಅಲ್ಲಿಗೆ ಸಾಕು ಎಂದುಕೊಂಡ.

"ಮೇಲೆ ಇಪ್ಪತ್ತೆರಡು ಸಾವಿರ ಇದೆಯಲ್ಲ ಮಾರಾಯ, ಮೂಲ ಸಾವಿರ ದಾಟುತ್ತೆ. ಇನ್ನೊಂದು ಹೆಜ್ಜೆ ಹೋಗು," ಎಂದ ಹಮ್ಮಾದ್.

"ಪರೀಕ್ಷಕ ನಾನೋ ನೀನೋ?"

ಮುಫದ್ದಲ್ ಅವನ ಕೈಗೆ ಸೀಮೆಸುಣ್ಣ ಕೊಡಲಿಲ್ಲ. ಪರೀಕ್ಷಕನಿಗೆ ಎದುರಾಡಿದನೆಂದು ಮೇಲಿನವರಿಗೆ ದೂರು ಹೋಯಿತು; ಹಮ್ಮಾದ್‌ನನ್ನು ಮರಳುಗಾಡಿನ ಅಂಚಿನ ಶಾಲೆಗೆ ಎತ್ತಿಹಾಕಿದರು. ಅರ್ಧ ಬದುಕು ಅಲ್ಲೇ ಸವೆಯಿತು. ಇತ್ತ ಆ ಸಂಖ್ಯೆ ಮುಫದ್ದಲ್‌ಗೆ ಬಿರುದಿನಂತಾಯಿತು. ಆ ಸಂಖ್ಯೆ ಯಾವುದಕ್ಕೂ ಒಡೆಯದು, ನಮ್ಮ ಮೇಷ್ಟ್ರೂ ಹಾಗೇ, ಯಾರಿಗೂ ಬಗ್ಗುವವರಲ್ಲ ಎಂದು ಹುಡುಗರು ಹೇಳಿಕೊಂಡು ತಿರುಗಿದರು.

*

"ಅಪ್ಪನ ಹೆಣ ಮುಂದಿಟ್ಕೊಂಡು ಅಪ್ಪನದೇ ತಪ್ಪು ಅನ್ನಲಾ?" ಜವಾದ್ ಕೇಳಿದ. ಅವನೂ ಗಣಿತದ ಮೇಷ್ಟ್ರೇ.

ಒಳಬಾಗಿಲಲ್ಲಿ ಬಿಳಿ ಉಟ್ಟು ನಿಂತ ತಾಯಿ ಝೊಹ್ರಾ ಹೇಳಿದಳು. "ಅನ್ನು ಮಗಾ. ಆ ಜಗಳ ಆದ ಸಂಜೆಯೇ ಮತ್ತೆ ಭಾಗಿಸಿದ್ರು, ತಪ್ಪು ಗೊತ್ತಾಯ್ತು. ಊಟ ಸೇರಲಿಲ್ಲ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತಲೇ ಮುದುಕರಾದ್ರು."

"ಗೊತ್ತಿತ್ತಾ ಅವನಿಗೆ?" ಹಮ್ಮಾದ್ ಅವಳತ್ತ ತಿರುಗಿದರು. "ಗೊತ್ತಿದ್ದೂ ನನ್ನನ್ನ ಅಲ್ಲೇ ಕೊಳೆಯೋಕೆ ಬಿಟ್ನಾ?"

ಅವರು ಹೊರಟೇಬಿಟ್ಟರು. ಜವಾದ್ ಓಡಿ ಬಾಗಿಲಿಗೆ ಅಡ್ಡ ನಿಂತ. ಇಷ್ಟು ವರ್ಷ ಅವನೊಮ್ಮೆಯೂ ಆ ಸಂಖ್ಯೆಯನ್ನು ಭಾಗಿಸಿ ನೋಡಿರಲಿಲ್ಲ. ಅಪ್ಪನನ್ನು ಅಷ್ಟು ನಂಬಿದ್ದ. ಈಗ ಕಣ್ಣು ಮುಚ್ಚಿ, ಸಾವಿರದಾಚೆಯ ಮೊದಲ ಅವಿಭಾಜ್ಯದಿಂದ ಮನಸ್ಸಿನಲ್ಲೇ ಭಾಗಿಸಿದ. ಶೇಷ ಏನೂ ಉಳಿಯಲಿಲ್ಲ. ಅವನಿಗೆ ಅಳು ಬಂತು.

"ಒಡೆಯುತ್ತೆ!" ಓಣಿಗೆ ಮುಖ ಮಾಡಿ ಕೂಗಿದ. "ಸಾವಿರದ ಒಂಬತ್ತು, ಸಾವಿರದ ಹದಿಮೂರು. ಗುಣಿಸಿ ನೋಡ್ಕೊಳ್ಳಿ. ತಪ್ಪು ನಮ್ಮಪ್ಪಂದು. ಹಮ್ಮಾದ್ ಮೇಷ್ಟ್ರು ಹೇಳಿದ್ದೇ ಸರಿ."

ಓಣಿಯಲ್ಲಿ ಒಂದಿಬ್ಬರು ಬೆರಳೆಣಿಸಿ ಗುಣಿಸತೊಡಗಿದರು.

"ಇನ್ನೊಂದ್ಸಲ," ಎಂದರು ಹಮ್ಮಾದ್.

ಜವಾದ್ ಇನ್ನೊಮ್ಮೆ ಹೇಳಿದ. ಅಷ್ಟರಲ್ಲಿ ಬಾಂಗ್ ಕೇಳಿಸಿತು. ಹಮ್ಮಾದ್ ಮರಳಿ ಬಂದು, ಹಲಗೆಯ ಮುಂದಿನ ಹಿಡಿಗೆ ಹೆಗಲು ಕೊಟ್ಟರು. ಮುಂದಿನ ಇನ್ನೊಂದು ಹಿಡಿ ಜವಾದ್‌ನದು. ಎತ್ತಿದೊಡನೆ ಹಲಗೆ ಹಮ್ಮಾದ್‌ರ ಕಡೆ ವಾಲಿತು; ಅವರು ಅವನ ಭುಜಕ್ಕೂ ಬರುತ್ತಿರಲಿಲ್ಲ.

"ನೀವು ಬಿಡಿ ಮೇಷ್ಟ್ರೇ, ಎತ್ತರದವರು ಯಾರಾದ್ರೂ ಬರ್ಲಿ," ಎಂದ ತುಹಾಮಿ.

"ಬೇಡ ಚಿಕ್ಕಪ್ಪ."

ಜವಾದ್ ಮೊಣಕಾಲು ಮಡಿಸಿ, ಹಲಗೆ ಸಮವಾಗುವಷ್ಟು ತಗ್ಗಿದ. ಖಬರಸ್ತಾನದವರೆಗೂ ಹಾಗೇ ಕುಗ್ಗಿಕೊಂಡೇ ನಡೆದ.