ತಿದ್ದಿದ ಚೀಟಿ

ಅವಳಿಗೆ ಆಸೆ ಇರಲಿಲ್ಲ. ಹಸಿವಿತ್ತು, ನಿದ್ದೆ ಬರುತ್ತಿತ್ತು, ಗಂಡನ ಮೇಲೆ ಪ್ರೀತಿಯೂ ಇತ್ತು. ಅವನು ಸೊಂಟದ ಮೇಲೆ ಕೈ ಹಾಕಿದರೆ ಮಾತ್ರ ಮೈ ಕೊರಡಿನಂತೆ ಬಿದ್ದಿರುತ್ತಿತ್ತು.

ಅಕ್ಕನ ಹತ್ತಿರ ಬಾಯಿಬಿಟ್ಟಳು. ಅಕ್ಕ ನಕ್ಕಳು. "ಮದುವೆಯಾಗಿ ಒಂಬತ್ತು ವರ್ಷ ಆಯ್ತಲ್ಲೇ, ಇನ್ನೇನು ಕುಣಿದಾಡ್ತೀಯಾ? ನಮ್ಮವರು ಮುಟ್ಟಿದ್ರೆ ನಾನು ನಾಳೆ ಏನು ಅಡುಗೆ ಅಂತ ಯೋಚ್ನೆ ಮಾಡ್ತಿರ್ತೀನಿ. ಕಣ್ಣು ಮುಚ್ಕೊಂಡು ಸುಮ್ನಿರು."

ಕಣ್ಣು ಮುಚ್ಚಿಕೊಂಡು ಸುಮ್ಮನಿದ್ದಳು. ಗಂಡನಿಗೆ ಅದೂ ತಿಳಿಯಿತು.

"ನಾನೇನು ಕಳ್ಳನಾ?" ಎಂದು ಕೈ ತೆಗೆದ. "ಬೇಡವಾಗಿದ್ರೆ ಬೇಡ ಅಂತ ಹೇಳಿಬಿಡು."

"ಹಾಗಲ್ಲ ರೀ."

"ಮತ್ತೆ ಹೇಗೆ?"

ಹೇಗೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಬಡಗಿ. ಒಬ್ಬರು ಮಲಗುವಷ್ಟೇ ಅಗಲದ ಮಂಚ ಮಾಡಿ ಹೊರಕೋಣೆಯಲ್ಲಿ ಹಾಕಿಕೊಂಡ. ಆಮೇಲೆ ಬೇರೆ ಊರಲ್ಲಿ ಕೆಲಸ ಹಿಡಿದು ಹೊರಟುಹೋದ.

ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಳು. ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳೇ ಹೆಚ್ಚು, ಅಕ್ಷರ ಇರುವೆಯಷ್ಟು. ಅರ್ಥದ ಹಿಂದೆ ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕೊನೆಯ ಸಾಲಿನಿಂದ ಮೇಲಕ್ಕೆ, ಒಂದೊಂದೇ ಪದ ನೋಡುತ್ತ ಹೋಗುವುದು ಅವಳ ರೂಢಿ. ಹನ್ನೊಂದು ವರ್ಷದಲ್ಲಿ ಸಾವಿರಾರು ಚೀಟಿ ತಿದ್ದಿದ್ದಳು, ಒಂದನ್ನೂ ಓದಿರಲಿಲ್ಲ.

ಒಂದು ಮಧ್ಯಾಹ್ನ ಯಂತ್ರ ಕೆಟ್ಟು ಕೂತಿತು. ಹೊತ್ತು ಹೋಗದೆ ಕೈಲಿದ್ದ ಚೀಟಿಯನ್ನು ಮೇಲಿನಿಂದ ಓದಿದಳು. ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಮನಸ್ಸು ಕುಸಿದದ್ದಕ್ಕೆ ಡಾಕ್ಟರಮ್ಮ ಬರೆದುಕೊಟ್ಟಿದ್ದ, ಅವಳು ದಿನವೂ ನುಂಗುತ್ತಿದ್ದ ಗುಳಿಗೆಯದೇ ಚೀಟಿ. ಅಂಗಡಿಯವನು ಹತ್ತು ಹತ್ತು ಗುಳಿಗೆ ಕತ್ತರಿಸಿ ಕೊಡುತ್ತಿದ್ದ. ಡಬ್ಬಿಯೂ ಇಲ್ಲ, ಚೀಟಿಯೂ ಇಲ್ಲ. ನಡುವೆ ಒಂದು ಸಾಲು: 'ಕಾಮಾಸಕ್ತಿ ಕುಂದಬಹುದು. ಹಾಗಾದರೆ ವೈದ್ಯರಿಗೆ ತಿಳಿಸಿ.'

ಕಡತ ತೆಗೆದಳು. ಇದೇ ಚೀಟಿ ಹಿಂದೆ ಎರಡು ಸಲ ಅಚ್ಚಾಗಿತ್ತು. ಎರಡರ ಕೆಳಗೂ 'ಸರಿಯಿದೆ' ಎಂದು ಅವಳದೇ ರುಜು.

"ಮೊದಲೇ ಯಾಕಮ್ಮಾ ಹೇಳಲಿಲ್ಲ?" ಎಂದರು ಡಾಕ್ಟರಮ್ಮ.

"ನೀವು ಕೇಳಲಿಲ್ಲ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. "ಗುಳಿಗೆಯೊಂದೇ ಕಾರಣ ಅಂತಲ್ಲ. ದುಃಖ, ದಣಿವು, ಮನೇಲಿ ಮುನಿಸು, ಎಲ್ಲಾ ಸೇರ್ಕೊಳ್ಳುತ್ತೆ. ನೀವಾಗಿ ನಿಲ್ಲಿಸ್ಬೇಡಿ. ನಿಧಾನಕ್ಕೆ ಬೇರೆಯದಕ್ಕೆ ಹೋಗೋಣ. ಯಜಮಾನ್ರನ್ನೂ ಕರ್ಕೊಂಡು ಬನ್ನಿ, ಮಾತಾಡ್ಬೇಕು."

"ಅವರು ಊರಲ್ಲಿಲ್ಲ," ಎಂದಳು.

ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಮೊದಲು ಗುಣವಾಗಲಿ, ಆಮೇಲೆ ಕರೆಯೋಣ ಎಂದುಕೊಂಡಳು. ಗುಳಿಗೆ ಬದಲಾದ ಐದನೇ ತಿಂಗಳಲ್ಲಿ, ತುಂಬಿದ ಬಸ್ಸಿನಲ್ಲಿ, ಮುಂದೆ ನಿಂತಿದ್ದ ಯಾರದೋ ಕತ್ತು ನೋಡಿ ಅವಳ ಮೈ ಬಿಸಿಯಾಯಿತು. ಹೆದರಿ, ಬೆವರಿ, ಮುಂದಿನ ನಿಲ್ದಾಣದಲ್ಲೇ ಇಳಿದು ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ಗುಳಿಗೆಯ ವಿಷಯವೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಈಗ ಹೇಳ್ತಿದೀಯಾ?" ಎಂದ.

"ನನಗೂ ಗೊತ್ತಿರಲಿಲ್ಲ ರೀ. ಐದು ತಿಂಗಳಾಯ್ತು ಗೊತ್ತಾಗಿ."

"ಐದು ತಿಂಗಳು," ಎಂದ. ಆ ಕಡೆ ಯಾರೋ ಪಾತ್ರೆ ತೊಳೆಯುತ್ತಿದ್ದರು. "ಎರಡು ತಿಂಗಳಿಂದ ಇಲ್ಲಿ ಒಬ್ಬಳು ನನ್ನ ಜೊತೆ ಇದ್ದಾಳೆ ಕಣೇ."

ಅವಳು ಮನೆಗೆ ನಡೆದೇ ಹೋದಳು. ಗುಳಿಗೆ ನುಂಗಿದ್ದು ಮೂರು ವರ್ಷ. ಗೊತ್ತಾದ ಮೇಲೂ ಬಾಯಿಬಿಡದೆ ಕಾದದ್ದು ಐದು ತಿಂಗಳು. ಹೋದವನು ಒಬ್ಬ.